ಡಾಂಟೆಯ ಕಾವ್ಯ ಮತ್ತು ಇಸ್ಲಾಂ: ‘ಪ್ರಭಾವ’ವೆಂಬ ಮಾತಿನ ವಿಮರ್ಶೆ

೧

ಮಧ್ಯಯುಗದ ಪಾಶ್ಚಾತ್ಯ ನಾಗರಿಕತೆಯ ಮೇಲೆ ಕ್ರೈಸ್ತಧರ್ಮವೂ ಇಸ್ಲಾಂ ಧರ್ಮವೂ ಬೀರಿದ ಪ್ರಭಾವವನ್ನು ನಿರೂಪಿಸುವ ಪಠ್ಯಗ್ರಂಥಗಳು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ನಡೆಯುತ್ತವೆ. ಒಂದು ಅಧ್ಯಾಯದಲ್ಲಿ ಚರ್ಚು, ಸಂನ್ಯಾಸಿಗಳ ಮಠಗಳು, ವಿಶ್ವವಿದ್ಯಾನಿಲಯಗಳು, ಗಾಥಿಕ್ ಶೈಲಿಯ ದೇವಾಲಯಗಳು. ಇನ್ನೊಂದರಲ್ಲಿ ಅಂಕಿಗಳು, ಬೀಜಗಣಿತ, ಕಾಗದ, ವೈದ್ಯ, ಖಗೋಳಯಂತ್ರಗಳು. ಮೊದಲನೆಯದು ಆ ನಾಗರಿಕತೆಯ ಆತ್ಮ, ಎರಡನೆಯದು ಅದಕ್ಕೆ ಹೊರಗಿನಿಂದ ಒದಗಿದ ಉಪಕರಣ ಎಂಬ ಭಾವನೆ ಓದುಗನಲ್ಲಿ ತಾನಾಗಿಯೇ ನೆಲೆಗೊಳ್ಳುತ್ತದೆ. ಅಲ್ಲಿ ಹೇಳಿರುವ ಸಂಗತಿಗಳು ಸುಳ್ಳಲ್ಲ. ವಿಂಗಡಣೆಯಲ್ಲಿ ದೋಷವಿದೆಯೆಂಬುದು ನಮ್ಮ ಅಭಿಪ್ರಾಯ. ವಿದ್ಯಾರ್ಥಿ ಎರಡು ಪಟ್ಟಿಗಳನ್ನು ಕಂಠಪಾಠಮಾಡುತ್ತಾನೆ. ಒಂದು ಪಟ್ಟಿಯಲ್ಲಿರುವುದು ಇನ್ನೊಂದರಲ್ಲಿರುವುದನ್ನು ಹೇಗೆ ಕಲಕಿತು, ಹೇಗೆ ತಿದ್ದಿತು, ಹೇಗೆ ಕೆರಳಿಸಿತು ಎಂಬುದನ್ನು ಕೇಳುವ ಸಂದರ್ಭವೇ ಅವನಿಗೆ ಒದಗುವುದಿಲ್ಲ.

ಈ ದೋಷವನ್ನು ಸಾಮಾನ್ಯವಾದ ಮಾತುಗಳಿಂದ ತೋರಿಸುವುದಕ್ಕಿಂತ ಒಂದು ಕೃತಿಯನ್ನು ಕೈಗೆತ್ತಿಕೊಂಡು ಪರೀಕ್ಷಿಸುವುದು ಲೇಸು. ನಾವು ಆರಿಸಿಕೊಂಡಿರುವುದು ಫ್ಲಾರೆನ್ಸಿನ ಕವಿ ಡಾಂಟೆಯ (೧೨೬೫–೧೩೨೧) ‘ಡಿವೈನ್ ಕಾಮೆಡಿ’. ಕ್ರೈಸ್ತ ಮಧ್ಯಯುಗದ ಸಾರಸರ್ವಸ್ವವೆಂದು ಯಾವ ಕಾವ್ಯವನ್ನು ಕೊಂಡಾಡುವರೋ ಅದೇ ಕಾವ್ಯವು ಇಸ್ಲಾಮಿಗೆ ಋಣಿಯಾಗಿದೆಯೆಂಬ ವಾದವೂ ಎದ್ದು, ವಿದ್ವತ್ಪ್ರಪಂಚದಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಕನ್ನಡ ವಾಚಕರಿಗೆ ಈ ಕವಿ ಅಪರಿಚಿತನಲ್ಲ. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ಆರಂಭದಲ್ಲಿ ಕುವೆಂಪು ಅವರು ನಮಿಸಿರುವ ಪಾಶ್ಚಾತ್ಯ ಮಹಾಕವಿಗಳಲ್ಲಿ ಅವನೂ ಒಬ್ಬ. ಆದರೆ ಅವನನ್ನು ನಾವು ಇಂಗ್ಲಿಷ್ ವಿಮರ್ಶಕರ ಕಣ್ಣಿನಿಂದ ಕಂಡದ್ದೇ ಹೆಚ್ಚು. ಅವನ ಬೆನ್ನ ಹಿಂದೆ ಟೊಲೆಡೊ, ಕಾರ್ಡೊಬ, ಬಗ್ದಾದುಗಳೂ ಇದ್ದುವೆಂಬುದು ನಮ್ಮ ತರಗತಿಗಳಲ್ಲಿ ಅಪರೂಪವಾಗಿ ಕೇಳಿಬರುವ ಮಾತು.

೨

ಕಾವ್ಯದ ಕಥಾವಸ್ತು ಸರಳವಾದುದು. ೧೩೦೦ನೆಯ ವರ್ಷದ ಈಸ್ಟರ್ ಹಬ್ಬದ ಸಮಯದಲ್ಲಿ ಕವಿ ಜೀವಂತನಾಗಿಯೇ ಪರಲೋಕವನ್ನು ಪ್ರವೇಶಿಸುತ್ತಾನೆ. ರೋಮಿನ ಕವಿ ವರ್ಜಿಲನ ಜೊತೆಯಲ್ಲಿ ನರಕವನ್ನಿಳಿದು, ಶುದ್ಧಿಲೋಕವೆಂಬ ಪರ್ವತವನ್ನು ಹತ್ತಿ, ಅನಂತರ ತನ್ನ ದಿವಂಗತ ಪ್ರಿಯೆ ಬಿಯಾಟ್ರಿಸಳ ಮಾರ್ಗದರ್ಶನದಲ್ಲಿ ಒಂಬತ್ತು ಸ್ವರ್ಗಮಂಡಲಗಳನ್ನೇರಿ ಭಗವತ್ಸಾನ್ನಿಧ್ಯವನ್ನು ಕಾಣುತ್ತಾನೆ. ಇಂಥ ಯಾತ್ರೆಯನ್ನು ತನಗಿಂತ ಮೊದಲು ಮಾಡಿದವರೆಂದು ಕವಿ ಹೆಸರಿಸುವುದು ಇಬ್ಬರನ್ನು ಮಾತ್ರ: ವರ್ಜಿಲನ ಮಹಾಕಾವ್ಯದ ನಾಯಕನಾದ ಈನಿಯಾಸ್ ಮತ್ತು ಕ್ರೈಸ್ತ ಸಂತನಾದ ಪಾಲ್. ಒಬ್ಬನು ರೋಮಿನ ಸಾಮ್ರಾಜ್ಯಕ್ಕೆ, ಇನ್ನೊಬ್ಬನು ರೋಮಿನ ಚರ್ಚಿಗೆ ಪ್ರತಿನಿಧಿ. ಆರು ಶತಮಾನಗಳ ಕಾಲ ವ್ಯಾಖ್ಯಾನಕಾರರು ಈ ಎರಡು ಹೆಸರುಗಳಿಂದ ತೃಪ್ತರಾಗಿದ್ದರು.

೧೯೧೯ರ ಜನವರಿಯಲ್ಲಿ ಸ್ಪೇನಿನ ರಾಯಲ್ ಅಕಾಡೆಮಿಯ ಸದಸ್ಯತ್ವವನ್ನು ಸ್ವೀಕರಿಸುತ್ತ ಮಿಗುಯೆಲ್ ಅಸಿನ್ ಪಲಾಸಿಯೋಸ್ ಅವರು ಮೂರನೆಯ ಹೆಸರೊಂದನ್ನು ಮುಂದಿಟ್ಟರು. ಅವರು ಕ್ಯಾಥೊಲಿಕ್ ಪಾದ್ರಿ. ಅರಬ್ಬಿ ಭಾಷೆಯ ಮಹಾವಿದ್ವಾಂಸರು. ಕುರಾನಿನ ಹದಿನೇಳನೆಯ ಅಧ್ಯಾಯದ ಮೊದಲ ವಾಕ್ಯದಲ್ಲಿ ಪ್ರವಾದಿಗಳ ರಾತ್ರಿಯಾತ್ರೆಯ ಸೂಚನೆಯಿದೆ. ಆ ಬೀಜದಿಂದ ಹುಟ್ಟಿ ಬೆಳೆದ ‘ಮಿಅರಾಜ್’ ಅಥವಾ ಆರೋಹಣದ ಕಥೆಗಳಲ್ಲಿ ಪ್ರವಾದಿ ಮಹಮ್ಮದರು ದೇವದೂತನಾದ ಜಿಬ್ರೀಲನೊಡನೆ ಜೆರೂಸಲೆಮಿನಿಂದ ಸ್ವರ್ಗಗಳನ್ನೇರುತ್ತಾರೆ, ನರಕಯಾತನೆಗಳನ್ನೂ ಕಾಣುತ್ತಾರೆ. ಈ ಕಥೆಗಳಿಗೂ ಡಾಂಟೆಯ ಕಾವ್ಯಕ್ಕೂ, ಅಂತೆಯೇ ಅಬುಲ್ ಅಲಾ ಅಲ್ ಮಅರ್‍ರೀ ಎಂಬ ಹನ್ನೊಂದನೆಯ ಶತಮಾನದ ಅರಬ್ಬಿ ಕವಿಯ ‘ಕ್ಷಮಾಪತ್ರ’ಕ್ಕೂ ಸ್ಪೇನಿನ ಮುರ್ಸಿಯದಲ್ಲಿ ಹುಟ್ಟಿದ ಸೂಫಿ ಇಬ್ನ್ ಅರಬಿಯ (೧೧೬೫–೧೨೪೦) ಬರಹಗಳಿಗೂ ಡಾಂಟೆಯ ಕಾವ್ಯಕ್ಕೂ ಇರುವ ಹೋಲಿಕೆಗಳನ್ನು ಅಸಿನ್ ಅವರು ನೂರಾರು ಪುಟಗಳಲ್ಲಿ ಜೋಡಿಸಿ ತೋರಿಸಿದರು: ಅಂತಸ್ತು ಅಂತಸ್ತಾಗಿ ಇಳಿಯುವ ನರಕ, ಪಾಪಕ್ಕೆ ಅನುರೂಪವಾದ ಶಿಕ್ಷೆ, ಬೆಳಕಿನ ಮುಂದೆ ಕಣ್ಣು ಕುರುಡಾಗಿ ಮತ್ತೆ ತೆರೆಯುವ ಸಂದರ್ಭ, ಸ್ವರ್ಗದಲ್ಲಿ ಕಾದಿರುವ ಪ್ರಿಯೆ.

ಎರಡು ವರ್ಷಗಳಲ್ಲಿ, ೧೯೨೧ರಲ್ಲಿ, ಡಾಂಟೆಯ ಆರುನೂರನೆಯ ಪುಣ್ಯತಿಥಿ. ರಾಷ್ಟ್ರಕವಿಯ ಉತ್ಸವಕ್ಕೆ ಸಿದ್ಧರಾಗುತ್ತಿದ್ದ ಇಟಲಿಯ ವಿದ್ವಾಂಸರಿಗೆ ಈ ವಾದ ರುಚಿಸದಿದ್ದುದು ಸಹಜ. ಅವರ ಆಕ್ಷೇಪಣೆಗಳಲ್ಲಿ ಅಭಿಮಾನದ ಮಾತುಗಳನ್ನು ಬೇರೆ ತೆಗೆದಿಟ್ಟರೂ ಎರಡು ಮುಖ್ಯವಾದ ಪ್ರಶ್ನೆಗಳು ಉಳಿದವು. ಡಾಂಟೆಗೆ ಅರಬ್ಬಿ ಬರುತ್ತಿರಲಿಲ್ಲ. ಇಬ್ನ್ ಅರಬಿಯಾಗಲಿ ಅಲ್ ಮಅರ್‍ರೀಯಾಗಲಿ ಮಧ್ಯಯುಗದಲ್ಲಿ ಲ್ಯಾಟಿನ್ನಿಗೆ ಅನುವಾದವಾಗಿರಲಿಲ್ಲ. ಹಾಗಾದರೆ ಕವಿ ಇವುಗಳನ್ನು ತಿಳಿದದ್ದು ಹೇಗೆ? ಎರಡನೆಯದಾಗಿ, ಈ ಚಿತ್ರಗಳಲ್ಲಿ ಹಲವು ಇಸ್ಲಾಮಿಗಿಂತ ಹಳೆಯವು. ಸಂತ ಪಾಲನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಪರಲೋಕದರ್ಶನದ ಗ್ರಂಥ ಇಸ್ಲಾಂ ಹುಟ್ಟುವುದಕ್ಕೆ ಎರಡು ಶತಮಾನಗಳಷ್ಟು ಮೊದಲೇ ಇದ್ದಿತು; ನರಕದ ವಿವಿಧ ಶಿಕ್ಷೆಗಳು ಅದರಲ್ಲಿ ಆಗಲೇ ಇವೆ. ಮಧ್ಯಯುಗದ ಕ್ರೈಸ್ತ ದರ್ಶನಕಥೆಗಳೂ ಇಸ್ಲಾಮಿನಿಂದಲೇ ಬಂದವೆಂದು ಅಸಿನ್ ಅವರು ತಮ್ಮ ವಾದವನ್ನು ಎಳೆದುದು ಅತಿಯಾಯಿತೆಂದೇ ಹೇಳಬೇಕು.

ಮೊದಲನೆಯ ಪ್ರಶ್ನೆಗೆ ಉತ್ತರ ೧೯೪೯ರಲ್ಲಿ ಅನಿರೀಕ್ಷಿತವಾಗಿ ದೊರೆಯಿತು. ಇಟಲಿಯ ಎನ್ರಿಕೊ ಚೆರುಲ್ಲಿ ಅವರೂ ಸ್ಪೇನಿನ ಹೊಸೆ ಮುನ್ಯೋಸ್ ಸೆಂದೀನೊ ಅವರೂ, ಒಬ್ಬರ ಕೆಲಸದ ನೆರವು ಇನ್ನೊಬ್ಬರಿಗಿಲ್ಲದೆ, ಒಂದೇ ವರ್ಷ ಒಂದೇ ಗ್ರಂಥವನ್ನು ಪ್ರಕಟಿಸಿದರು. ಅದು ‘ನಿಚ್ಚಣಿಕೆಯ ಪುಸ್ತಕ’: ಆರೋಹಣಕಥೆಯ ಒಂದು ಪಾಠ. ಕಾಸ್ಟೀಲಿನ ದೊರೆ ಹತ್ತನೆಯ ಅಲ್ಫೊನ್ಸೊ (ಆಳಿದುದು ೧೨೫೨–೧೨೮೪) ಅದನ್ನು ಅಬ್ರಹಾಂ ಎಂಬ ಯೆಹೂದಿ ವೈದ್ಯನಿಂದ ಅರಬ್ಬಿಯಿಂದ ಕಾಸ್ಟೀಲಿನ ಭಾಷೆಗೆ ಮಾಡಿಸಿದನು. ಆ ಅನುವಾದ ಈಗ ಉಳಿದಿಲ್ಲ. ಅದರ ಆಧಾರದ ಮೇಲೆ ಆದ ಲ್ಯಾಟಿನ್ ಮತ್ತು ಹಳೆಯ ಫ್ರೆಂಚ್ ಪಾಠಗಳು ಪ್ಯಾರಿಸ್, ವ್ಯಾಟಿಕನ್, ಆಕ್ಸ್‌ಫರ್ಡುಗಳ ಭಂಡಾರಗಳಲ್ಲಿ ಉಳಿದಿವೆ. ಫ್ರೆಂಚ್ ಪಾಠದಲ್ಲಿ ೧೨೬೪ ಎಂಬ ಕಾಲನಿರ್ದೇಶವಿದೆ. ಅನುವಾದಕನು ದೊರೆಯ ಲಿಪಿಕಾರನಾದ ಬೊನವೆಂಚುರ, ಊರು ಸಿಯೆನಾ. ಎಂದರೆ ಡಾಂಟೆಯ ನಾಡಾದ ಟಸ್ಕನಿಯವನೇ. ಹದಿನಾಲ್ಕನೆಯ ಶತಮಾನದ ಇಟಲಿಯ ಕವಿ ಫಾಟ್ಸಿಯೊ ದೆಲ್ಯಿ ಊಬೆರ್ತಿ ಈ ಪುಸ್ತಕವನ್ನು ಹೆಸರಿಸಿರುವುದನ್ನೂ ಚೆರುಲ್ಲಿ ಅವರು ತೋರಿಸಿಕೊಟ್ಟರು.

ಹೀಗಾಗಿ ಪುಸ್ತಕ ಡಾಂಟೆಯ ಕೈಗೆ ಬರುವುದು ಸಾಧ್ಯವಿತ್ತೆಂಬುದರಲ್ಲಿ ಈಗ ಸಂದೇಹವಿಲ್ಲ. ಬಂದಿತ್ತೆಂಬುದಕ್ಕೆ ಮಾತ್ರ ಪ್ರಮಾಣವಿಲ್ಲ. ಡಾಂಟೆಗೆ ಗುರುಪ್ರಾಯನಾಗಿದ್ದ ಬ್ರುನೆಟ್ಟೊ ಲಾಟೀನಿ ಫ್ಲಾರೆನ್ಸಿನ ರಾಯಭಾರಿಯಾಗಿ ಅಲ್ಫೊನ್ಸೊವಿನ ಆಸ್ಥಾನಕ್ಕೆ ಹೋಗಿದ್ದನೆಂಬುದನ್ನು ಅಸಿನ್ ಅವರ ಪಕ್ಷದವರು ಬಹಳವಾಗಿ ಒತ್ತಿ ಹೇಳುತ್ತಾರೆ. ಅವನು ಹೋದದ್ದು ೧೨೬೦ರಲ್ಲಿ. ಅದೇ ವರ್ಷ ಅವನ ಪಕ್ಷ ಯುದ್ಧದಲ್ಲಿ ಸೋತುದರಿಂದ ಊರಿಗೆ ಮರಳಲಾರದೆ ೧೨೬೬ರವರೆಗೆ ಫ್ರಾನ್ಸಿನಲ್ಲಿ ನೆಲೆಸಿದನು. ಬೊನವೆಂಚುರನ ಅನುವಾದ ಮುಗಿದ ಕಾಲಕ್ಕೆ ಅವನು ಕಾಸ್ಟೀಲಿನಲ್ಲಿರಲಿಲ್ಲ. ಹೋಲಿಕೆಯ ಉತ್ಸಾಹದಲ್ಲಿ ಇಂಥ ಸಣ್ಣ ತಾರೀಖುಗಳು ಮರೆಯಾಗುವುದುಂಟು.

ನಿಚ್ಚಣಿಕೆಯ ಚಿತ್ರವನ್ನೇ ನೋಡೋಣ. ಡಾಂಟೆಯ ‘ಸ್ವರ್ಗ’ದ ಇಪ್ಪತ್ತೊಂದನೆಯ ಸರ್ಗದಲ್ಲಿ ಶನಿಮಂಡಲದಿಂದ ಮೇಲಕ್ಕೆ ಹೋಗುವ ಚಿನ್ನದ ನಿಚ್ಚಣಿಕೆಯೊಂದು ಕಾಣುತ್ತದೆ. ‘ನಿಚ್ಚಣಿಕೆಯ ಪುಸ್ತಕ’ದ ಸಂಪಾದಕರಿಗೆ ಇದು ಹಬ್ಬದೂಟ. ಆದರೆ ಮುಂದಿನ ಸರ್ಗದಲ್ಲಿ ಸಂತ ಬೆನೆಡಿಕ್ಟನು ಅದು ಯಾಕೋಬನು ಕಂಡ ನಿಚ್ಚಣಿಕೆಯೆಂದು ಸ್ಪಷ್ಟವಾಗಿ ಹೇಳುತ್ತಾನೆ. ಅದು ಬೈಬಲಿನ ಆದಿಕಾಂಡದ್ದು. ಇಸ್ಲಾಂ ಮತ್ತು ಕ್ರೈಸ್ತಧರ್ಮಗಳು ಒಂದೇ ಮನೆತನದ ಕವಲುಗಳಾದುದರಿಂದ ಅವುಗಳ ಹೋಲಿಕೆ ಸಾಲದಿಂದ ಬಂದುದೋ ಪಿತ್ರಾರ್ಜಿತವೋ ಎಂಬುದನ್ನು ಚಿತ್ರಗಳ ಸಾಮ್ಯದಿಂದ ತೀರ್ಮಾನಿಸಲಾಗದು. ಇತ್ತೀಚಿನವರಲ್ಲಿ ಮರಿಯ ಕೊರ್ತಿ ಅವರು, ನೇರವಾದ ಆಕರ ಒಂದು ಬಗೆ, ಒಂದು ಯುಗದ ವಾತಾವರಣದಲ್ಲಿ ಹರಡಿದ್ದು ಎಲ್ಲರ ಕಿವಿಗೂ ಬಿದ್ದಿರಬಹುದಾದುದು ಇನ್ನೊಂದು ಬಗೆ ಎಂದು ವಿವೇಚಿಸಿದುದು ವಾದಕ್ಕೆ ಎಷ್ಟೋ ಉಪಕಾರಮಾಡಿತು.

ಕಥೆಗಳು ಗಡಿ ದಾಟುವಾಗ ತಮ್ಮ ಊರಿನ ಗುರುತನ್ನು ಹೊತ್ತುಕೊಂಡು ಹೋಗುವುದಿಲ್ಲ. ಇದಕ್ಕೆ ನಮ್ಮದೇ ಒಂದು ನಿದರ್ಶನವುಂಟು. ಪಂಚತಂತ್ರವು ಆರನೆಯ ಶತಮಾನದಲ್ಲಿ ಪಹ್ಲವಿ ಭಾಷೆಗೂ, ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫನಿಂದ ಅರಬ್ಬಿಗೂ ಹೋಗಿ, ಇದೇ ಅಲ್ಫೊನ್ಸೊ ಇನ್ನೂ ಯುವರಾಜನಾಗಿದ್ದಾಗ, ೧೨೫೧ರಲ್ಲಿ, ಕಾಸ್ಟೀಲಿನ ಭಾಷೆಗೆ ಬಂದಿತು. ವಸುಭಾಗಭಟ್ಟನ ಪರಂಪರೆಯನ್ನು ಹಿಡಿದು ದುರ್ಗಸಿಂಹನು ಕನ್ನಡದಲ್ಲಿ ಹೇಳಿದ ಕರಟಕ ದಮನಕರ ಕಥೆಯನ್ನು ಸ್ಪೇನಿನ ಓದುಗನು ಕಲೀಲ ದಿಮ್ನರ ಹೆಸರಿನಲ್ಲಿ ಓದಿದನು. ಅದರಿಂದ ಮಧ್ಯಯುಗದ ಸ್ಪೇನಿನ ಮೇಲೆ ಹಿಂದೂಧರ್ಮದ ಪ್ರಭಾವವಾಯಿತೆಂದು ಯಾರೂ ಹೇಳುವುದಿಲ್ಲ. ಹೇಳದಿರುವುದೇ ಸರಿ.

ಅಸಿನ್ ಅವರ ಬಗ್ಗೆ ಇನ್ನೊಂದು ಮಾತು. ಅವರನ್ನು ಇಸ್ಲಾಮಿನ ವಕೀಲರೆಂದು ಭಾವಿಸಿದವರು ಅವರ ಉಳಿದ ಗ್ರಂಥಗಳನ್ನು ಓದಿಲ್ಲವೆಂದು ತೋರುತ್ತದೆ. ಇಬ್ನ್ ಅರಬಿಯನ್ನು ಕುರಿತು ೧೯೩೧ರಲ್ಲಿ ಅವರು ಬರೆದ ಗ್ರಂಥದ ಹೆಸರೇ ‘ಕ್ರೈಸ್ತೀಕೃತ ಇಸ್ಲಾಂ’. ಪೂರ್ವದೇಶದ ಕ್ರೈಸ್ತ ಸಂನ್ಯಾಸಿಗಳಿಂದ ಸೂಫಿಗಳು ಪಡೆದುದನ್ನೇ ಪಾಶ್ಚಾತ್ಯ ಕ್ರೈಸ್ತರು ಮುಂದೆ ಮರಳಿ ಪಡೆದರೆಂಬುದು ಅವರ ಒಳ ನಂಬಿಕೆ. ಅಂತೂ ವಾದಿ ಪ್ರತಿವಾದಿಗಳಿಬ್ಬರ ಕೈಯಲ್ಲಿಯೂ ‘ಪ್ರಭಾವ’ವೆಂಬುದು ಸಾಹುಕಾರನ ಲೆಕ್ಕದ ಪುಸ್ತಕವಾಯಿತು: ಯಾರು ಯಾರಿಗೆ ಎಷ್ಟು ಕೊಡಬೇಕು?

೩

ಮೂವತ್ತು ವರ್ಷಗಳ ಈ ಗದ್ದಲದಲ್ಲಿ, ಡಾಂಟೆ ತಾನೇ ಒಪ್ಪಿಕೊಂಡಿರುವ ಋಣಗಳು ಹಿಂದೆ ಬಿದ್ದುದು ಆಶ್ಚರ್ಯ. ಅವನ ಗದ್ಯಗ್ರಂಥಗಳಲ್ಲಿ ಅವು ಹೆಸರು ಸಹಿತವಾಗಿ ದಾಖಲಾಗಿವೆ.

‘ಹೊಸ ಬಾಳು’ ಎಂಬ ತಾರುಣ್ಯದ ಕೃತಿಯಲ್ಲಿ ಬಿಯಾಟ್ರಿಸಳು ೧೨೯೦ರಲ್ಲಿ ತೀರಿಕೊಂಡ ದಿನವನ್ನು ಹೇಳುವಾಗ, ಬಹುಮಂದಿ ಸಂಪಾದಕರು ಸ್ವೀಕರಿಸಿರುವ ಪಾಠದಂತೆ, ಕವಿ ಅರಬ್ಬರ ದಿನಗಣನೆಯನ್ನೂ ಸಿರಿಯಾದ ಮಾಸಗಣನೆಯನ್ನೂ ಆಶ್ರಯಿಸುತ್ತಾನೆ. ಅವಳ ಸಂಖ್ಯೆಯೆಂದು ಅವನು ನಂಬಿದ ಒಂಬತ್ತು ಅಲ್ಲಿ ಹೊರಡುತ್ತದೆ. ಇದನ್ನು ಅವನು ಕಲಿತದ್ದು ಒಂಬತ್ತನೆಯ ಶತಮಾನದ ಖಗೋಳಜ್ಞ ಅಲ್ ಫರ್ಘಾನಿಯ ಗ್ರಂಥದಿಂದ. ‘ಔತಣ’ ಎಂಬ ಗ್ರಂಥದಲ್ಲಿ ಆತನ ಹೆಸರನ್ನೇ ಹೇಳಿ, ಭೂಮಿಯ ವ್ಯಾಸ ೬,೫೦೦ ಮೈಲಿಯೆಂದೂ ಬುಧಗ್ರಹದ ವ್ಯಾಸ ಅದರ ಇಪ್ಪತ್ತೆಂಟನೆಯ ಒಂದು ಪಾಲೆಂದೂ ಬರೆಯುತ್ತಾನೆ. ಅವನು ಏರಿದ ಸ್ವರ್ಗಮಂಡಲಗಳು ಟಾಲೆಮಿಯವು. ಅವು ಲ್ಯಾಟಿನ್ ಜಗತ್ತಿಗೆ ಬಂದುದು ಬಹುಮಟ್ಟಿಗೆ ಅರಬ್ಬಿಯ ಮೂಲಕ. ೧೦೮೫ರಲ್ಲಿ ಕ್ರೈಸ್ತರ ವಶವಾದ ಟೊಲೆಡೊ ನಗರದಲ್ಲಿ ಕುಳಿತು ಕ್ರೆಮೊನದ ಜೆರಾರ್ಡನು (ಮರಣ ೧೧೮೭) ಎಪ್ಪತ್ತಕ್ಕೂ ಮಿಕ್ಕ ಅರಬ್ಬಿ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದನು. ಟಾಲೆಮಿಯ ಮಹಾಗ್ರಂಥ ಅವುಗಳಲ್ಲೊಂದು.

ಜೆರಾರ್ಡನು ತಂದ ಇನ್ನೊಂದು ಪುಸ್ತಕ ‘ಕಾರಣಗಳ ಗ್ರಂಥ’. ಗ್ರೀಕ್ ತತ್ತ್ವಜ್ಞ ಪ್ರೋಕ್ಲಸನ ವಿಚಾರಗಳನ್ನು ಯಾರೋ ಅರಬ್ಬಿಯಲ್ಲಿ ಏಕದೇವವಾದಕ್ಕೆ ಹೊಂದಿಸಿ ಸಂಗ್ರಹಿಸಿದ್ದು, ಪ್ಯಾರಿಸಿನಲ್ಲಿ ಅರಿಸ್ಟಾಟಲನ ಹೆಸರಿನಲ್ಲಿ ಪಾಠವಾಗುತ್ತಿತ್ತು. ಮೂಲ ಬೇರೆಯೆಂದು ಗುರುತಿಸಿದವನು ಥಾಮಸ್ ಅಕ್ವಿನಾಸ್. ದೈವಪ್ರಕಾಶವು ಒಂದೇ ಆದರೂ ವಸ್ತುಗಳು ಅದನ್ನು ತಂತಮ್ಮ ಯೋಗ್ಯತೆಯಂತೆ ಹೆಚ್ಚುಕಡಮೆಯಾಗಿ ಪಡೆಯುತ್ತವೆಯೆಂಬ ಭಾವನೆ ಡಾಂಟೆಯ ‘ಸ್ವರ್ಗ’ಕ್ಕೆ ಅಸ್ತಿಭಾರ. ಆ ಭಾಗದ ಆರಂಭವನ್ನು ವಿವರಿಸುವ ಒಂದು ಪತ್ರ ಡಾಂಟೆಯ ಹೆಸರಿನಲ್ಲಿದೆ. ಅದರ ಕರ್ತೃತ್ವ ವಿವಾದಾಸ್ಪದ. ಅದು ಈ ಸ್ಥಳದಲ್ಲಿ ಪ್ರಮಾಣವಾಗಿ ಉದಾಹರಿಸುವುದು ‘ಕಾರಣಗಳ ಗ್ರಂಥ’ವನ್ನೇ. ಇದನ್ನು ಕ್ರೈಸ್ತ ಪ್ರಭಾವದ ಪಟ್ಟಿಗೆ ಸೇರಿಸೋಣವೇ, ಇಸ್ಲಾಮಿನದಕ್ಕೆ ಸೇರಿಸೋಣವೇ? ಗ್ರೀಕ್ ಪೇಗನ್ ಒಬ್ಬನ ವಿಚಾರ, ಅರಬ್ಬಿಯ ರೂಪ, ಕ್ರೈಸ್ತ ಕವಿಯ ಸ್ವರ್ಗ. ಪಟ್ಟಿಗಳು ಇಲ್ಲಿ ಕೈಸೋಲುತ್ತವೆ.

ಅಲ್ ಘಜಾಲಿಯ (೧೦೫೮–೧೧೧೧) ಪ್ರಸಂಗ ಇದಕ್ಕಿಂತಲೂ ವಿಚಿತ್ರವಾದುದು. ತತ್ತ್ವಜ್ಞರನ್ನು ಖಂಡಿಸುವ ಮೊದಲು ಅವರ ಅಭಿಪ್ರಾಯಗಳನ್ನು ನಿಷ್ಪಕ್ಷಪಾತವಾಗಿ ನಿರೂಪಿಸಬೇಕೆಂದು ಆತನು ಒಂದು ಗ್ರಂಥವನ್ನು ಬರೆದು, ಆ ಉದ್ದೇಶವನ್ನು ಪೀಠಿಕೆಯಲ್ಲಿ ತಿಳಿಸಿದನು. ಅದು ಟೊಲೆಡೊದಲ್ಲಿ ಲ್ಯಾಟಿನ್ನಿಗೆ ಬಂದಿತು. ಬಹುಪಾಲು ಪ್ರತಿಗಳಲ್ಲಿ ಪೀಠಿಕೆಯೇ ಇಲ್ಲ! ಪರಿಣಾಮವಾಗಿ, ಬದುಕೆಲ್ಲ ತತ್ತ್ವಜ್ಞರನ್ನು ಎದುರಿಸಿದವನು ಪಶ್ಚಿಮದಲ್ಲಿ ಇಬ್ನ್ ಸೀನಾನ ನಿಷ್ಠಾವಂತ ಶಿಷ್ಯನೆನಿಸಿದನು. ಆತನ ಖಂಡನಗ್ರಂಥಕ್ಕೆ ಇಬ್ನ್ ರುಷ್ದ್ ಬರೆದ ಪ್ರತಿಖಂಡನೆ ಲ್ಯಾಟಿನ್ನಿಗೆ ಬಂದುದು ೧೩೨೮ರಲ್ಲಿ, ಡಾಂಟೆ ತೀರಿಕೊಂಡ ಏಳು ವರ್ಷದ ಮೇಲೆ. ಡಾಂಟೆ ‘ಔತಣ’ದಲ್ಲಿ ಅಲ್ಗಜೆಲನನ್ನು ಅವಿಸೆನ್ನನ ಜೊತೆಯಲ್ಲಿಯೇ ಹೆಸರಿಸುತ್ತಾನೆ. ಒಂದು ಹಾಳೆ ಕಳೆದುಹೋದುದರಿಂದ ‘ಪ್ರಭಾವ’ದ ದಿಕ್ಕೇ ತಿರುಗಿಹೋಯಿತು.

೪

ಮೇಲಿನವೆಲ್ಲ ಜ್ಞಾನದ ಸಾಮಗ್ರಿಯಾಯಿತು. ಕಾವ್ಯದ ಮರ್ಮವನ್ನು ಮುಟ್ಟುವ ಪ್ರಭಾವ ಯಾವುದು? ನಮಗೆ ತೋರುವ ಮಟ್ಟಿಗೆ ಅದು ಕಾರ್ಡೊಬದ ಇಬ್ನ್ ರುಷ್ದನದು (೧೧೨೬–೧೧೯೮). ಲ್ಯಾಟಿನ್ನರು ಆತನನ್ನು ಅವೆರೊಯೀಸನೆಂದು ಕರೆದರು. ಹಲವು ವೇಳೆ ಹೆಸರನ್ನೂ ಬಿಟ್ಟು ಬರಿಯ ‘ವ್ಯಾಖ್ಯಾನಕಾರ’ ಎಂದರು, ಅರಿಸ್ಟಾಟಲನನ್ನು ಬರಿಯ ‘ತತ್ತ್ವಜ್ಞ’ ಎಂದಂತೆ.

ಅರಿಸ್ಟಾಟಲನ ಆತ್ಮವಿಚಾರದ ಗ್ರಂಥದಲ್ಲಿ ಅರಿವನ್ನು ಪಡೆಯುವ ಬುದ್ಧಿಯನ್ನು ಕುರಿತ ಭಾಗ ಬಹು ಅಸ್ಪಷ್ಟವಾಗಿದೆ. ಅದನ್ನು ನಾವು ಗ್ರಾಹಕಬುದ್ಧಿಯೆಂದು ಕರೆಯೋಣ. ಲ್ಯಾಟಿನ್ನರು ಅರ್ಥಮಾಡಿಕೊಂಡಂತೆ ಇಬ್ನ್ ರುಷ್ದನ ಸಿದ್ಧಾಂತ ಇದು: ಈ ಬುದ್ಧಿ ದೇಹಕ್ಕೆ ಸೇರಿದುದಲ್ಲ, ವ್ಯಕ್ತಿವ್ಯಕ್ತಿಗೆ ಬೇರೆಯಾದುದೂ ಅಲ್ಲ, ಮನುಕುಲಕ್ಕೆಲ್ಲ ಅದು ಒಂದೇ. ನಮ್ಮ ವೇದಾಂತವನ್ನು ಓದಿದವರಿಗೆ ಇಲ್ಲಿ ಪರಿಚಿತವಾದ ಧ್ವನಿಯೊಂದು ಕೇಳಿಸಬಹುದು. ಹೋಲಿಕೆಯಿಂದ ಸಂಬಂಧವನ್ನು ಊಹಿಸುವ ಅಭ್ಯಾಸವನ್ನೇ ನಾವು ಆಕ್ಷೇಪಿಸುತ್ತಿರುವುದರಿಂದ ಆ ಆಸೆಯನ್ನು ಇಲ್ಲಿಯೇ ಅಡಗಿಸಿಕೊಳ್ಳಬೇಕು.

ಇದರ ಫಲಿತಾರ್ಥವನ್ನು ಕ್ರೈಸ್ತ ಪಂಡಿತರು ಕೂಡಲೆ ಕಂಡುಕೊಂಡರು. ಬುದ್ಧಿ ಎಲ್ಲರಿಗೂ ಒಂದೇ ಆದರೆ ದೇಹ ಬಿದ್ದ ಮೇಲೆ ಉಳಿಯುವುದು ಆ ಒಂದೇ. ಪೀಟರನೂ ಇಲ್ಲ, ಪಾಲನೂ ಇಲ್ಲ. ಹಾಗಾದರೆ ಶಿಕ್ಷೆ ಯಾರಿಗೆ, ಮುಕ್ತಿ ಯಾರಿಗೆ? ಪ್ಯಾರಿಸಿನ ಅಧ್ಯಾಪಕ ಬ್ರಬಾಂಟಿನ ಸೀಗರ್ ಈ ಸಿದ್ಧಾಂತವನ್ನು ಪಾಠ ಹೇಳುತ್ತಿದ್ದನು. ೧೨೭೦ರಲ್ಲಿ ಅಕ್ವಿನಾಸ್ ಅದರ ಮೇಲೆ ಒಂದು ಖಂಡನಗ್ರಂಥವನ್ನು ಬರೆದನು. ಅದೇ ವರ್ಷ ಪ್ಯಾರಿಸಿನ ಬಿಷಪ್ ಟಾಂಪಿಯೆ ಹದಿಮೂರು ವಾದಗಳನ್ನು ನಿಷೇಧಿಸಿದಾಗ ಮೊದಲನೆಯದೇ ಇದು. ೧೨೭೭ರಲ್ಲಿ ನಿಷಿದ್ಧವಾದಗಳ ಸಂಖ್ಯೆ ೨೧೯ಕ್ಕೇರಿತು, ಮತ್ತು ಅಕ್ವಿನಾಸನದೇ ಎನ್ನಬಹುದಾದ ಕೆಲವು ಅಭಿಪ್ರಾಯಗಳೂ ಅದರ ಬಲೆಗೆ ಸಿಕ್ಕವು. ಅಕ್ವಿನಾಸನಾದರೂ ಅವೆರೊಯೀಸನನ್ನು ಖಂಡಿಸುತ್ತಲೇ ಅವನಿಂದ ಅರಿಸ್ಟಾಟಲನನ್ನು ಓದುವುದನ್ನು ಕಲಿತವನು. ಸತ್ತೆಗೂ ಸ್ವರೂಪಕ್ಕೂ ಅವನು ಮಾಡುವ ಪ್ರಸಿದ್ಧವಾದ ಭೇದದ ಹಿಂದೆ ಇಬ್ನ್ ಸೀನಾ ಇದ್ದಾನೆ. ಡಾಂಟೆಯ ಕಾಲಕ್ಕೆ ‘ಕ್ರೈಸ್ತ ಪ್ರಭಾವ’ವೆಂದು ನಾವು ಯಾವುದನ್ನು ಕರೆಯುತ್ತೇವೋ ಅದು ಐದು ಶತಮಾನಗಳ ಹಿಂದಿನ ಮಠದ ಭಕ್ತಿಯಲ್ಲ, ಅರಬ್ಬಿ ತತ್ತ್ವಜ್ಞರೊಡನೆ ನೂರು ವರ್ಷ ಮಲ್ಲಯುದ್ಧಮಾಡಿ ಮೈ ಬದಲಾದ ಕ್ರೈಸ್ತಧರ್ಮ.

ಡಾಂಟೆಗೆ ಇದು ಪಾಠಶಾಲೆಯ ವಾದ ಮಾತ್ರವಾಗಿರಲಿಲ್ಲ. ಅವನ ಮೊದಲ ಮಿತ್ರನೂ ಕವಿಯೂ ಆದ ಗ್ವೀದೊ ಕವಲ್ಕಾಂತಿ ಈ ವಿಚಾರಕ್ಕೆ ಒಲಿದವನೆಂದು ಬ್ರೂನೊ ನಾರ್ದಿ ಮೊದಲಾದ ವಿದ್ವಾಂಸರು ಅವನ ಪ್ರೇಮಗೀತೆಯನ್ನು ವಿಶ್ಲೇಷಿಸಿ ವಾದಿಸಿದ್ದಾರೆ. ‘ನರಕ’ದ ಹತ್ತನೆಯ ಸರ್ಗದಲ್ಲಿ, ದೇಹದೊಡನೆ ಆತ್ಮವೂ ಸಾಯುತ್ತದೆಂದವರ ಉರಿಯುವ ಗೋರಿಗಳ ನಡುವೆ, ಗ್ವೀದೊವಿನ ತಂದೆ ತಲೆಯೆತ್ತಿ ನೋಡಿ ತನ್ನ ಮಗನೇಕೆ ಡಾಂಟೆಯ ಜೊತೆಯಲ್ಲಿಲ್ಲವೆಂದು ಕೇಳುತ್ತಾನೆ, ಉತ್ತರದಲ್ಲಿನ ಒಂದು ಭೂತಕಾಲದ ಕ್ರಿಯಾಪದದಿಂದ ಮಗ ಸತ್ತನೆಂದು ಭ್ರಮಿಸಿ ಹಿಂದಕ್ಕೆ ಬೀಳುತ್ತಾನೆ. ಆತ್ಮಕ್ಕೆ ಅಳಿವುಂಟೆಂದವನು ಸತ್ತ ಮೇಲೂ ತಂದೆಯಾಗಿಯೇ ಉಳಿದಿದ್ದಾನೆ. ವಾದವೊಂದಕ್ಕೆ ಇದಕ್ಕಿಂತ ಪರಿಣಾಮಕಾರಿಯಾದ ಉತ್ತರವನ್ನು ನಾವು ಯಾವ ತತ್ತ್ವಗ್ರಂಥದಲ್ಲಿಯೂ ಕಂಡಿಲ್ಲ.

ಇಲ್ಲಿಯೇ ನಮ್ಮ ಮುಖ್ಯವಾದ ಮಾತು ಇದೆ. ‘ಡಿವೈನ್ ಕಾಮೆಡಿ’ಯಲ್ಲಿ ಪರಲೋಕದ ಜನ ಬರಿಯ ಪಾಪಪುಣ್ಯಗಳ ಮಾದರಿಗಳಲ್ಲ. ಹಿಂದಿನ ದರ್ಶನಕಥೆಗಳಲ್ಲಿ ನರಕವಾಸಿಗಳಿಗೆ ಹೆಚ್ಚಾಗಿ ಮುಖವೇ ಇರುವುದಿಲ್ಲ. ಕಳ್ಳರು, ವ್ಯಭಿಚಾರಿಗಳು, ಬಡ್ಡಿಕೋರರು ಗುಂಪುಗುಂಪಾಗಿ ಬೇಯುತ್ತಾರೆ. ಡಾಂಟೆಯಲ್ಲಿ ಪ್ರತಿಯೊಬ್ಬನಿಗೂ ಅವನವನ ಹೆಸರು, ಊರಿನ ಆಡುನುಡಿ, ಹಳೆಯ ಜಗಳ, ಕೊರಗು ಉಂಟು. ವ್ಯಕ್ತಿಯ ಅಳಿಯದ ತನ್ನತನವೇ ಕಾವ್ಯದ ಜೀವಾಳ. ಬುದ್ಧಿ ಒಂದೇ ಎಂಬ ವಾದ ನಿಜವಾಗಿದ್ದರೆ ಈ ಕಾವ್ಯಕ್ಕೆ ಪಾತ್ರಗಳೇ ಇರುತ್ತಿರಲಿಲ್ಲ. ‘ಶುದ್ಧಿಲೋಕ’ದ ಇಪ್ಪತ್ತೈದನೆಯ ಸರ್ಗದಲ್ಲಿ ಕವಿ ಭ್ರೂಣದ ಬೆಳವಣಿಗೆಯನ್ನು ಶಾಸ್ತ್ರೀಯವಾಗಿ ವಿವರಿಸುವುದಕ್ಕಾಗಿ ಕಥೆಯನ್ನೇ ನಿಲ್ಲಿಸುತ್ತಾನೆ, ಜ್ಞಾನಿಯಾದ ಒಬ್ಬನು ಈ ಸ್ಥಳದಲ್ಲಿ ದಾರಿತಪ್ಪಿ ಬುದ್ಧಿಯನ್ನು ಆತ್ಮದಿಂದ ಬೇರ್ಪಡಿಸಿದನೆಂದು ಹೇಳಿಸುತ್ತಾನೆ. ಹೆಸರು ಹೇಳದಿದ್ದರೂ ಅದು ಅವೆರೊಯೀಸನೆಂಬುದರಲ್ಲಿ ವ್ಯಾಖ್ಯಾನಕಾರರಿಗೆ ಭಿನ್ನಾಭಿಪ್ರಾಯವಿಲ್ಲ. ಅನೇಕ ಓದುಗರಿಗೆ ಬೇಸರ ತರುವ ಈ ಭಾಗ ಕಾವ್ಯಕ್ಕೆ ಅಂಟಿಸಿದ ಪಾಂಡಿತ್ಯವಲ್ಲ, ಕಾವ್ಯ ನಿಂತಿರುವ ಕಂಬ. ಎದುರಾಳಿ ಇಷ್ಟು ಬಲಶಾಲಿಯಾಗಿರದಿದ್ದರೆ ಕಂಬವನ್ನು ಇಷ್ಟು ಎಚ್ಚರಿಕೆಯಿಂದ ನೆಡುವ ಅಗತ್ಯ ಕವಿಗೆ ಬೀಳುತ್ತಿರಲಿಲ್ಲ. ಪ್ರಭಾವವೆಂದರೆ ಅನುಕರಣವೆಂದೇ ಎಣಿಸಿದವರಿಗೆ ಇದು ಕಾಣುವುದಿಲ್ಲ.

ಅದೇ ಡಾಂಟೆ ‘ಚಕ್ರಾಧಿಪತ್ಯ’ವೆಂಬ ಲ್ಯಾಟಿನ್ ಗ್ರಂಥದಲ್ಲಿ ಅವೆರೊಯೀಸನನ್ನು ತನ್ನ ಪಕ್ಷದ ಸಾಕ್ಷಿಯಾಗಿ ಕರೆಯುತ್ತಾನೆ. ಮನುಷ್ಯನ ಅರಿವಿನ ಶಕ್ತಿಯೆಲ್ಲ ಒಬ್ಬನಲ್ಲಿಯಾಗಲಿ ಒಂದು ನಾಡಿನಲ್ಲಿಯಾಗಲಿ ಪೂರ್ಣವಾಗಿ ಕಾರ್ಯರೂಪಕ್ಕೆ ಬರಲಾರದು. ಅದಕ್ಕೆ ಮನುಕುಲವೆಲ್ಲ ಬೇಕು. ಮನುಕುಲವೆಲ್ಲ ಒಟ್ಟಾಗಿ ದುಡಿಯಬೇಕಾದರೆ ಶಾಂತಿ ಬೇಕು. ಶಾಂತಿಗೆ ಒಬ್ಬನೇ ಚಕ್ರವರ್ತಿ ಬೇಕು — ಇದು ಅವನ ತರ್ಕ. ಇಬ್ನ್ ರುಷ್ದನ ಏಕಬುದ್ಧಿಯನ್ನು ವ್ಯಕ್ತಿಯ ವಿಷಯದಲ್ಲಿ ತಿರಸ್ಕರಿಸಿ, ಜಾತಿಯ ವಿಷಯದಲ್ಲಿ ಬೇರೊಂದು ಅರ್ಥದಿಂದ ಸ್ವೀಕರಿಸಿದ್ದಾನೆ. ಅಷ್ಟೇ ಅಲ್ಲ, ಇಹದ ಸುಖಕ್ಕೆ ತತ್ತ್ವಶಾಸ್ತ್ರವನ್ನನುಸರಿಸುವ ಚಕ್ರವರ್ತಿಯೂ ಪರದ ಸುಖಕ್ಕೆ ದೇವವಾಣಿಯನ್ನನುಸರಿಸುವ ಪೋಪನೂ ಬೇರೆ ಬೇರೆ ಮಾರ್ಗದರ್ಶಕರೆಂದು ಗ್ರಂಥವನ್ನು ಮುಗಿಸುತ್ತಾನೆ. ಇದರ ಬೆಂಕಿ ಚರ್ಚಿಗೆ ತಟ್ಟಿತು. ಡೊಮಿನಿಕನ್ ಪಂಥದ ಗ್ವೀದೊ ವೆರ್ನಾನಿ ಅದನ್ನು ಅವೆರೊಯೀಸನ ದುರ್ಮತವೆಂದು ಖಂಡಿಸಿದನು. ೧೩೨೯ರಲ್ಲಿ ಕಾರ್ಡಿನಲ್ ಒಬ್ಬನು ಗ್ರಂಥವನ್ನು ಸುಡಿಸಿದನೆಂದು ಬೊಕಾಚಿಯೊ ಬರೆದಿದ್ದಾನೆ. ೧೬ನೆಯ ಶತಮಾನದಲ್ಲಿ ನಿಷಿದ್ಧಗ್ರಂಥಗಳ ಪಟ್ಟಿಗೆ ಸೇರಿ ೧೯ನೆಯ ಶತಮಾನದ ಉತ್ತರಾರ್ಧದವರೆಗೆ ಅಲ್ಲಿಯೇ ಇತ್ತು. ಕ್ರೈಸ್ತ ಮಧ್ಯಯುಗದ ಪ್ರತಿನಿಧಿಕವಿಯ ಗ್ರಂಥಕ್ಕೆ ಕ್ರೈಸ್ತ ಚರ್ಚು ಮಾಡಿದ ಸತ್ಕಾರ ಇದು.

೫

ಇಷ್ಟೆಲ್ಲ ಋಣವಿದ್ದೂ ಇಸ್ಲಾಂ ಧರ್ಮವನ್ನು ಡಾಂಟೆ ಅರಿತಿದ್ದನೆಂದು ಹೇಳಲಾಗದು. ‘ನರಕ’ದ ಇಪ್ಪತ್ತೆಂಟನೆಯ ಸರ್ಗದಲ್ಲಿ ಪ್ರವಾದಿ ಮಹಮ್ಮದರನ್ನೂ ಅಲಿಯವರನ್ನೂ ಅವನು ಮತವಿಚ್ಛೇದಕರ ಸಾಲಿನಲ್ಲಿ ನಿಲ್ಲಿಸಿದ್ದಾನೆ. ಆ ಭಾಗದ ವರ್ಣನೆ ಇಂದಿನ ಓದುಗನಿಗೆ ಅಸಹ್ಯವಾಗುವುದು ನ್ಯಾಯ. ಅದನ್ನು ಇಲ್ಲಿ ಎತ್ತಿ ಹೇಳುವ ಅವಶ್ಯಕತೆಯಿಲ್ಲ. ಗಮನಿಸಬೇಕಾದುದು ಆ ಸ್ಥಾನ. ಇಸ್ಲಾಮನ್ನು ಬೇರೊಂದು ಧರ್ಮವೆಂದು ಕಾಣದೆ, ಕ್ರೈಸ್ತಧರ್ಮದಿಂದ ಒಡೆದು ಹೋದ ಪಂಥವೆಂದು ಎಣಿಸುವುದು ಎಂಟನೆಯ ಶತಮಾನದ ಡಮಾಸ್ಕಸಿನ ಜಾನನಿಂದ ಬಂದ ಪದ್ಧತಿ. ಪೀಟರ್ ದಿ ವೆನರಬಲ್ ಎಂಬ ಮಠಾಧಿಪತಿ ಮಾಡಿಸಿದ ಕುರಾನಿನ ಲ್ಯಾಟಿನ್ ಅನುವಾದ ೧೧೪೩ರಲ್ಲಿಯೇ ಸಿದ್ಧವಾಗಿದ್ದರೂ ಡಾಂಟೆಯ ಈ ಸರ್ಗದಲ್ಲಿ ಅದರ ಸುಳಿವಿಲ್ಲ; ದೇವಸಾನ್ನಿಧ್ಯಕ್ಕೇರಿದ ಪ್ರವಾದಿಯ ‘ನಿಚ್ಚಣಿಕೆಯ ಪುಸ್ತಕ’ವನ್ನು ಓದಿದವನ ಬರಹವೆಂದೂ ಇದು ತೋರುವುದಿಲ್ಲ. ಅರಬ್ಬರ ವಿದ್ಯೆ ಪುಸ್ತಕವಾಗಿ ಬಂದಿತು. ಅರಬ್ಬರ ಧರ್ಮ ದಂತಕಥೆಯಾಗಿ ಬಂದಿತು. ಮಧ್ಯಯುಗದ ಪಶ್ಚಿಮ ಈ ಎರಡನ್ನೂ ಒಬ್ಬರೇ ಜನರಿಂದ ಬಂದುವೆಂಬಂತೆ ಜೋಡಿಸಿ ನೋಡಿದುದು ಕಡಮೆ.

ಡಾಂಟೆಯಲ್ಲಿ ಆ ಒಡಕು ಸ್ಥಳವಿನ್ಯಾಸವಾಗಿಯೇ ಕಾಣುತ್ತದೆ. ನರಕದ ಹೊರವಲಯವಾದ ಲಿಂಬೊದಲ್ಲಿ, ಯಾತನೆಯಿಲ್ಲದ ಹಸುರು ಬಯಲಿನಲ್ಲಿ, ಗ್ರೀಕ್ ರೋಮನ್ ಮಹನೀಯರ ನಡುವೆ ಅವಿಸೆನ್ನನೂ ಅವೆರೊಯೀಸನೂ ಇದ್ದಾರೆ. ಸ್ವಲ್ಪ ದೂರದಲ್ಲಿ ಒಬ್ಬಂಟಿಯಾಗಿ ಸುಲ್ತಾನ ಸಲಾದಿನನು. ‘ಔತಣ’ದಲ್ಲಿ ಇವನ ಔದಾರ್ಯವನ್ನು ಕವಿ ಹೊಗಳಿದ್ದನು. ಅಲ್ಲಿರುವ ಉಳಿದ ಮಹನೀಯರಿಗೆ ಕ್ರಿಸ್ತನಿಗಿಂತ ಮೊದಲು ಹುಟ್ಟಿದ್ದೋ ಆತನ ಹೆಸರನ್ನು ಕೇಳದಿದ್ದುದೋ ಕಾರಣವಾಗಿ ಹೇಳಬಹುದು. ಈ ಮೂವರಿಗೆ ಆ ಕಾರಣವಿಲ್ಲ. ‘ಸ್ವರ್ಗ’ದ ಹತ್ತನೆಯ ಸರ್ಗದಲ್ಲಿಯಂತೂ, ಸೂರ್ಯಮಂಡಲದ ಹನ್ನೆರಡು ಜ್ಞಾನಿಗಳ ವಲಯದಲ್ಲಿ, ಅಕ್ವಿನಾಸನ ಬಲಗಡೆ ಅವನ ಗುರು ಆಲ್ಬರ್ಟ್ ನಿಂತಿದ್ದರೆ ವಲಯ ಸುತ್ತಿ ಬಂದು ಮುಗಿಯುವ ಇನ್ನೊಂದು ಪಕ್ಕದಲ್ಲಿ ನಿಂತವನು ಸೀಗರ್! ತಾನು ಬದುಕಿದ್ದಾಗ ಖಂಡಿಸಿದವನನ್ನು ಅಕ್ವಿನಾಸನೇ ಪರಿಚಯಮಾಡಿಕೊಟ್ಟು ಮೆಚ್ಚುತ್ತಾನೆ. ಇದನ್ನು ಕುರಿತು ಎತೀನ್ ಜಿಲ್ಸನ್ ಅವರು ೧೯೩೯ರ ತಮ್ಮ ಗ್ರಂಥದಲ್ಲಿ, ಇಲ್ಲಿ ಸೀಗರನು ತತ್ತ್ವಶಾಸ್ತ್ರದ ಸ್ವಾತಂತ್ರ್ಯಕ್ಕೆ ಸಂಕೇತವೆಂದು ಅರ್ಥಮಾಡಿದ್ದಾರೆ. ನಾವು ಅದನ್ನು ಒಪ್ಪುತ್ತೇವೆ. ಆದರೆ ಶಿಷ್ಯನಿಗೆ ಸ್ವರ್ಗ, ಗುರುವಿಗೆ ಲಿಂಬೊ ಎಂಬ ವ್ಯವಸ್ಥೆಯಲ್ಲಿ ಕವಿಗೆ ನೆಮ್ಮದಿಯಿತ್ತೇ ಎಂದು ಕೇಳದೆ ಮುಂದೆ ಹೋಗಲಾಗದು.

ನೆಮ್ಮದಿಯಿರಲಿಲ್ಲವೆಂಬುದಕ್ಕೆ ‘ಸ್ವರ್ಗ’ದ ಹತ್ತೊಂಬತ್ತನೆಯ ಸರ್ಗ ಸಾಕ್ಷಿ. ಅಲ್ಲಿ ಡಾಂಟೆಯ ಮನಸ್ಸಿನಲ್ಲಿ ಬಹುಕಾಲದಿಂದ ಹಸಿವಿನಂತೆ ಕಾಡಿದ ಒಂದು ಸಂದೇಹ ಹೊರಬರುತ್ತದೆ. ಅದರಲ್ಲಿ ನಮ್ಮ ದೇಶದ ಹೆಸರೂ ಬರುತ್ತದೆ. ಸಿಂಧೂನದಿಯ ದಡದಲ್ಲಿ ಹುಟ್ಟಿದವನೊಬ್ಬನುಂಟು, ಕ್ರಿಸ್ತನ ಮಾತನ್ನು ಹೇಳುವವರು ಅಲ್ಲಿ ಯಾರೂ ಇಲ್ಲ, ಅವನ ನಡೆನುಡಿಗಳಲ್ಲಿ ಪಾಪವಿಲ್ಲ, ದೀಕ್ಷಾಸ್ನಾನವಿಲ್ಲದೆ ಸಾಯುತ್ತಾನೆ. ಅವನನ್ನು ದಂಡಿಸುವ ನ್ಯಾಯ ಯಾವುದು? ನ್ಯಾಯದ ಪ್ರತೀಕವಾದ ಗರುಡವು ಇದಕ್ಕೆ ನೇರವಾದ ಉತ್ತರವನ್ನು ಕೊಡುವುದಿಲ್ಲ. ಸಮುದ್ರದ ತಳವನ್ನು ದಡದಿಂದ ಕಾಣಬಹುದೇ ಹೊರತು ನಡುಗಡಲಿನಲ್ಲಿ ಕಾಣಲಾಗದಂತೆ ಮನುಷ್ಯನ ಕಣ್ಣು ದೇವರ ನ್ಯಾಯದ ತಳವನ್ನು ಕಾಣಲಾರದೆಂದು ಗದರಿಸುತ್ತದೆ. ಅನಂತರ, ಕ್ರಿಸ್ತನ ಹೆಸರನ್ನು ಕೂಗುವ ಅನೇಕರು ಕಡೆಯ ದಿನ ಆ ಹೆಸರನ್ನರಿಯದವನಿಗಿಂತ ಆತನಿಂದ ದೂರದಲ್ಲಿರುವರೆಂದು ಸೇರಿಸುತ್ತದೆ. ಮುಂದಿನ ಸರ್ಗದಲ್ಲಿ ಕ್ರಿಸ್ತಪೂರ್ವದ ಟ್ರಾಯ್ ನಗರದ ರಿಫಿಯಸನೆಂಬ ಅಪ್ರಸಿದ್ಧನೊಬ್ಬನು ಸ್ವರ್ಗದಲ್ಲಿ ಕಾಣಿಸಿ ಕವಿಯನ್ನು ಬೆರಗುಗೊಳಿಸುತ್ತಾನೆ.

ಭಾರತೀಯ ಓದುಗರು ಸಿಂಧೂದಡದ ಈ ಮನುಷ್ಯನನ್ನು ಕಂಡು ಸಂತೋಷಪಡುವುದುಂಟು. ನಾವು ಮಾತ್ರ ಇಲ್ಲಿ ಕವಿ ಯಾರನ್ನು ಬಿಟ್ಟನೆಂಬುದನ್ನು ಗಮನಿಸುತ್ತೇವೆ. ಸಿಂಧೂದಡದವನು ಕ್ರಿಸ್ತನ ಹೆಸರನ್ನು ಕೇಳಿದವನಲ್ಲ. ಅವನ ಪರವಾಗಿ ವಾದಿಸುವುದು ಸುಲಭ. ಕಾರ್ಡೊಬದ ನ್ಯಾಯಾಧೀಶನಾಗಿದ್ದ ಇಬ್ನ್ ರುಷ್ದ್ ಆ ಹೆಸರನ್ನು ಕೇಳಿದ್ದನು; ಕ್ರೈಸ್ತರ ನೆರೆಯಲ್ಲಿಯೇ ಬಾಳಿದನು; ತನ್ನ ಧರ್ಮದಲ್ಲಿಯೇ ಉಳಿದನು. ಡಾಂಟೆ ಅವನ ಗ್ರಂಥದಿಂದ ಕಲಿತನು, ಅವನೊಡನೆ ಕಾವ್ಯದ ಉದ್ದಕ್ಕೂ ಹೋರಾಡಿದನು. ಅವನನ್ನು ಕುರಿತ ಪ್ರಶ್ನೆಯನ್ನು ಗರುಡದ ಮುಂದೆ ಅವನು ಎತ್ತಲಿಲ್ಲ. ಲಿಂಬೊದಲ್ಲಿ ಹೋಮರನೂ ಹೊರೇಸನೂ ಡಾಂಟೆಯನ್ನು ತಮ್ಮ ಗುಂಪಿಗೆ ಸೇರಿಸಿಕೊಂಡು ಮಾತನಾಡುತ್ತಾರೆ. ಅವೆರೊಯೀಸನಿಗೆ ಸಿಕ್ಕುವುದು ಒಂದು ಸಾಲಿನ ಕೊನೆಯ ಹೆಸರು, ಮತ್ತು ಅವನು ಮಹಾವ್ಯಾಖ್ಯಾನವನ್ನು ಮಾಡಿದವನೆಂಬ ಒಂದು ವಿಶೇಷಣ. ಅವನು ಮಾತನಾಡುವುದಿಲ್ಲ, ಕವಿಯೂ ಅವನನ್ನು ಮಾತನಾಡಿಸುವುದಿಲ್ಲ.